ಕಡಲಂಚಿನಲ್ಲಿ ಕಾದ ಪಕ್ಷಿವಿಜ್ಞಾನಿ: ಡಾ. ಸಲೀಂ ಅಲಿ

ತಮಿಳುನಾಡಿನ ಪೂರ್ವ ಕರಾವಳಿಯು ನಾಗಪಟ್ಟಣದಿಂದ ದಕ್ಷಿಣಕ್ಕಿಳಿದು, ಒಮ್ಮೆಲೇ ಪಶ್ಚಿಮಕ್ಕೆ ಹೊರಳುವ ಮೂಲೆಯಲ್ಲಿ ಕೋಡಿಕ್ಕರೈ ಎಂಬ ಗ್ರಾಮವಿದೆ. ಆಂಗ್ಲರ ಭೂಪಟಗಳಲ್ಲಿ ಇದರ ಹೆಸರು ಪಾಯಿಂಟ್ ಕ್ಯಾಲಿಮರ್. ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ, ಅದರಾಚೆ ಸಿಂಹಳ ದ್ವೀಪ. ಊರಿನ ಬದಿಯಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು ಮತ್ತು ಕುರುಚಲು ಕಾಡು. ಅಲ್ಲಿಂದ ಪಶ್ಚಿಮಕ್ಕೆ ಕಣ್ಣು ಹಾಯುವವರೆಗೂ ವೇದಾರಣ್ಯದ ಉಪ್ಪುನೀರಿನ ಜೌಗು. ಬೇಸಗೆಯಲ್ಲಿ ನೋಡಿದವರಿಗೆ ಇದೊಂದು ಬರಡು ನೆಲವೆಂದೇ ತೋರುತ್ತದೆ. ಆದರೆ ಭಾದ್ರಪದ ಕಳೆದು ಆಶ್ವೀಜ ಕಾಲಿಟ್ಟಿತೆಂದರೆ, ಹಿಂಗಾರಿನ ಮೋಡಗಳು ಕಡಲಿನ ಮೇಲೆ ಕೂಡುವ ಹೊತ್ತಿಗೆ, ಈ ಜೌಗಿಗೆ ಬೇರೊಂದು ಲೋಕದ ಅತಿಥಿಗಳು ಬಂದಿಳಿಯುತ್ತಾರೆ. ಉತ್ತರ ಧ್ರುವದ ಅಂಚಿನ ಹಿಮಭೂಮಿಯಲ್ಲಿ ಆ ವರ್ಷವಷ್ಟೇ ಮೊಟ್ಟೆಯೊಡೆದು ಹೊರಬಂದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಸ್ಟಿಂಟ್ ಹಕ್ಕಿಗಳು, ಬಾಗಿದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು, ನಾನಾ ಬಗೆಯ ಗೊರವಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕೆಸರಿನ ಮೇಲೆ ಹರಡಿಕೊಳ್ಳುತ್ತವೆ. ಕಾಡಿನ ನೆರಳಿನಲ್ಲಿ ನವರಂಗ ಹಕ್ಕಿಯೂ ಕಾಡು ಸಿಪಿಲೆಯೂ ಉಲಿಯಕ್ಕಿಗಳೂ ಕೆಲವು ದಿನ ತಂಗಿ ದಣಿವಾರಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಇಲ್ಲಿಯೇ ಚಳಿಗಾಲವನ್ನು ಕಳೆದರೆ, ಮತ್ತೆ ಕೆಲವು ಜಲಸಂಧಿಯನ್ನು ದಾಟಿ ಸಿಂಹಳಕ್ಕೆ ಹೋಗುತ್ತವೆ.

1960ರ ದಶಕದಲ್ಲಿ ಈ ಊರಿನ ಜನರು ಶರತ್ಕಾಲದಲ್ಲಿ ಬೇರೆ ಕೆಲವು ಅತಿಥಿಗಳನ್ನೂ ಕಂಡರು. ಕಾಡಿನ ಸಂದುಗಳಲ್ಲಿ ಗಳುಗಳನ್ನು ನೆಟ್ಟು, ಅರೆಬೆಳಕಿನಲ್ಲಿ ಕಣ್ಣಿಗೇ ಕಾಣದಷ್ಟು ನವುರಾದ ನೈಲಾನ್ ಬಲೆಗಳನ್ನು ಕಟ್ಟಿ, ಬಿದ್ದ ಹಕ್ಕಿಯನ್ನು ಜೋಪಾನವಾಗಿ ಬಿಡಿಸಿ, ಬಟ್ಟೆಯ ಚೀಲದಲ್ಲಿಟ್ಟು ಡೇರೆಗೆ ತಂದು, ತೂಗಿ, ರೆಕ್ಕೆ ಕೊಕ್ಕುಗಳನ್ನು ಅಳೆದು, ಕಾಲಿಗೊಂದು ಅಲ್ಯೂಮಿನಿಯಂ ಉಂಗುರವನ್ನು ತೊಡಿಸಿ ಮತ್ತೆ ಹಾರಿಬಿಡುವವರು ಅವರು. ಹಿಡಿದದ್ದನ್ನು ಬಿಡುವ ಈ ಬೇಟೆ ಹಳ್ಳಿಗರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಈ ಕಾರ್ಯದ ಹಿರಿಯರು ಡಾ. ಸಲೀಂ ಅಲಿಯವರು. ಕೃಶ ಶರೀರ, ಬಿಳಿಯ ಚೂಪುಗಡ್ಡ, ಕೊರಳಲ್ಲಿ ದುರ್ಬೀನು. ಈ ಯೋಜನೆಯ ಭಾರವನ್ನು ಹೊತ್ತಾಗ ಅವರಿಗೆ ಅರವತ್ತಮೂರು ವರ್ಷ ವಯಸ್ಸು. ಉಳಿದವರು ನಿವೃತ್ತಿವೇತನವನ್ನೆಣಿಸುವ ಕಾಲ. ಅವರನ್ನು ಆ ವಯಸ್ಸಿನಲ್ಲಿ ಈ ಕಾರ್ಯಕ್ಕೆ ತೊಡಗಿಸಿದ್ದು ಕೋಡಿಕ್ಕರೈಯಿಂದ ಬಹುದೂರದಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕಾಡೊಂದರಲ್ಲಿ ಸಂಭವಿಸಿದ ಸಾವುಗಳು. ಆ ಸಂಗತಿಗೆ ಬರುವ ಮುನ್ನ ಅವರ ಪೂರ್ವಜೀವನವನ್ನು ಅವಲೋಕಿಸಬೇಕು.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಬಹುಮಂದಿ ಮಕ್ಕಳ ಸಂಸಾರದಲ್ಲಿ ಇವರೇ ಕಿರಿಯರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ, ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡ ಈ ಮಗುವನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮಗೆ ಮಕ್ಕಳಿಲ್ಲದ ಕೊರತೆಯನ್ನು ನೀಗಿಕೊಳ್ಳುವಂತೆ ಸಾಕಿ ಸಲಹಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಗಾಂಧೀಜಿಯವರ ಒಡನಾಡಿಗಳಾಗಿದ್ದ ಅಬ್ಬಾಸ್ ತ್ಯಾಬ್ಜಿಯವರೂ ಇದೇ ಮನೆತನದವರು.

ಬಾಲಕ ಸಲೀಮನಿಗೆ ದೊರೆತಿದ್ದ ಆಟದ ವಸ್ತು ಒಂದು ಗಾಳಿಬಂದೂಕು. ಅದರಿಂದ ಹೊಡೆದುರುಳಿಸಿದ ಗುಬ್ಬಚ್ಚಿಗಳಲ್ಲಿ ಒಂದರ ಕೊರಳಿನ ಮೇಲೆ ಹಳದಿಯ ಮಚ್ಚೆಯಿತ್ತು. ಬೇಟೆಯಲ್ಲಿ ಪಳಗಿದ ಮಾವನವರಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಹುಡುಗನ ಕೈಗೊಂದು ಪರಿಚಯಪತ್ರವನ್ನು ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. 1883ರಲ್ಲಿ ಸ್ಥಾಪಿತವಾಗಿದ್ದ ಆ ಸಂಸ್ಥೆಯ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರು, ಅಳುಕುತ್ತ ನಿಂತ ಭಾರತೀಯ ಬಾಲಕನನ್ನು ಬಾಗಿಲಿನಿಂದಲೇ ಹಿಂದಿರುಗಿಸಬಹುದಾಗಿತ್ತು. ಹಾಗೆ ಮಾಡದೆ, ಹಕ್ಕಿಯನ್ನು ಗುರುತಿಸಿ ಹೇಳಿ, ಸಂಗ್ರಹದ ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸಿ, ಪಕ್ಷಿಗಳ ಚರ್ಮವನ್ನು ಸುಲಿದು ಸಂರಕ್ಷಿಸುವ ವಿದ್ಯೆಯನ್ನೂ ಕಲಿಸುವ ಏರ್ಪಾಡು ಮಾಡಿದರು. ಪ್ರಶ್ನೆಯೊಂದನ್ನು ಹಿಡಿದುಕೊಂಡು ಬಂದ ಹುಡುಗನಿಗೆ ಹಿರಿಯರೊಬ್ಬರು ಕೊಟ್ಟ ಅರ್ಧ ದಿನದ ಕಾಲ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವಿದ್ಯಾಭ್ಯಾಸ ಮಾತ್ರ ಸುಸೂತ್ರವಾಗಿ ಸಾಗಲಿಲ್ಲ. ತೀವ್ರ ತಲೆನೋವಿನ ಬಾಧೆಯಿಂದ ಶಾಲೆ ಆಗಾಗ ತಪ್ಪುತ್ತಿತ್ತು. ಸೇಂಟ್ ಝೇವಿಯರ್ ಕಾಲೇಜನ್ನು ಮೊದಲ ವರ್ಷದಲ್ಲಿಯೇ ಬಿಟ್ಟು, ಮನೆತನದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾ ದೇಶದ ತವಾಯ್‌ಗೆ ತೆರಳಿದರು. ವ್ಯಾಪಾರಕ್ಕಿಂತ ಅಲ್ಲಿಯ ಕಾಡೇ ಅವರನ್ನು ಹೆಚ್ಚು ಸೆಳೆದದ್ದರಿಂದ ಲಾಭದ ಲೆಕ್ಕ ಹೇಗಿದ್ದೀತೆಂದು ಊಹಿಸಬಹುದು. 1917ರಲ್ಲಿ ಮುಂಬಯಿಗೆ ಮರಳಿ ವಾಣಿಜ್ಯ ಮತ್ತು ಲೆಕ್ಕಶಾಸ್ತ್ರದ ತರಗತಿಗಳಿಗೆ ಸೇರಿ, ಅದರ ಜೊತೆಗೇ ಪ್ರಾಣಿಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1918ರ ಡಿಸೆಂಬರಿನಲ್ಲಿ ತೆಹಮೀನಾ ಅವರೊಡನೆ ವಿವಾಹವಾಯಿತು. ವಿಶ್ವವಿದ್ಯಾನಿಲಯದ ಪದವಿ ಮಾತ್ರ ಕೈಸೇರಲಿಲ್ಲ. ಅದರ ಕಾರಣದಿಂದಲೇ ಸರ್ಕಾರದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯ ಪಕ್ಷಿತಜ್ಞ ಹುದ್ದೆಯೂ ಇವರ ಕೈತಪ್ಪಿತು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ ನೋಡಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರ ಕೆಲಸ ದೊರೆಯಿತು.

ಎರಡು ವರ್ಷಗಳ ತರುವಾಯ ಅವರು ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ ವಸ್ತುಸಂಗ್ರಹಾಲಯದ ಪ್ರಾಧ್ಯಾಪಕ ಎರ್ವಿನ್ ಸ್ಟ್ರೆಸೆಮಾನ್ ಇವರನ್ನು ಶಿಷ್ಯರಂತೆ ಬರಮಾಡಿಕೊಂಡರು. ಪದವಿಪತ್ರಗಳನ್ನು ಕೇಳದೆ ಪಕ್ಷಿಗಳನ್ನು ಕುರಿತು ಕೇಳಿದ ಈ ವಿದ್ವಾಂಸರನ್ನು ಸಲೀಂ ಅಲಿಯವರು ಕೊನೆಯವರೆಗೂ ಗುರುವೆಂದೇ ಭಾವಿಸಿದರು. ಆ ಕಾಲದಲ್ಲಿಯೇ ಅವರು ಹೆಲಿಗೋಲ್ಯಾಂಡ್ ದ್ವೀಪದ ಪಕ್ಷಿ ವೀಕ್ಷಣಾಲಯಕ್ಕೂ ಹೋಗಿ ಹಕ್ಕಿಗಳಿಗೆ ಉಂಗುರ ತೊಡಿಸುವ ವಿಧಾನವನ್ನು ಕಲಿತರು.

ಹೆಲಿಗೋಲ್ಯಾಂಡ್ ಎಂದರೆ ಉತ್ತರ ಸಮುದ್ರದ ನಡುವೆ ಎದ್ದು ನಿಂತ ಕೆಂಪು ಬಂಡೆ; ಒಂದು ಗಂಟೆಯೊಳಗೆ ಸುತ್ತಿ ಮುಗಿಸಬಹುದಾದಷ್ಟು ಕಿರಿದು. ಆದರೆ ಶರತ್ಕಾಲದ ಕತ್ತಲ ರಾತ್ರಿಗಳಲ್ಲಿ ಸ್ಕ್ಯಾಂಡಿನೇವಿಯಾದಿಂದ ದಕ್ಷಿಣಕ್ಕೆ ಹೊರಟ ಹಕ್ಕಿಗಳಿಗೆ ನಾಲ್ಕು ದಿಕ್ಕಿನ ನೀರಿನ ನಡುವೆ ಅದೊಂದೇ ಆಸರೆ. ಹೈನ್ರಿಖ್ ಗೆಟ್ಕೆ ಎಂಬ ಚಿತ್ರಕಾರನು 1837ರಲ್ಲಿ ಚಿತ್ರ ಬರೆಯಲೆಂದು ಈ ದ್ವೀಪಕ್ಕೆ ಬಂದವನು, ವಲಸೆ ಹಕ್ಕಿಗಳಿಗೆ ಮನಸೋತು, ಅಲ್ಲಿಯೇ ಆಡಳಿತದ ಕಾರ್ಯದರ್ಶಿಯಾಗಿ ನೆಲೆಸಿ, ದಶಕಗಳ ಕಾಲ ದಿನದಿನವೂ ಕಂಡದ್ದನ್ನು ಬರೆದಿಟ್ಟು, 1891ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಹಕ್ಕಿಗಳ ವೇಗ ಮತ್ತು ಎತ್ತರವನ್ನು ಕುರಿತ ಅವನ ಎಷ್ಟೋ ಲೆಕ್ಕಗಳು ಆ ಮೇಲೆ ತಪ್ಪೆಂದು ತಿಳಿದುಬಂದರೂ ದಿನಚರಿಗಳು ಉಳಿದವು. 1910ರಲ್ಲಿ ಅಲ್ಲಿ ವೀಕ್ಷಣಾಲಯ ಸ್ಥಾಪಿತವಾಗಿ, ಊಹೆಯ ಬದಲಿಗೆ ಉಂಗುರವನ್ನು ನೆಚ್ಚುವ ಕ್ರಮ ಬೇರೂರಿತು. ಹಕ್ಕಿ ಎಲ್ಲಿಗೆ ಹೋಗುವುದೆಂದು ತರ್ಕಿಸುತ್ತ ಕೂರುವುದರ ಬದಲು, ಅದರ ಕಾಲಿಗೆ ವಿಳಾಸವನ್ನೂ ಸಂಖ್ಯೆಯನ್ನೂ ಕಟ್ಟಿ ಕಳುಹಿಸಿ, ಎಂದಾದರೊಂದು ದಿನ ಎಲ್ಲಿಂದಲಾದರೂ ಉತ್ತರ ಬರಬಹುದೆಂದು ಕಾಯುವ ಕ್ರಮ ಅದು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಉತ್ತರ ಬರುವುದೇ ಇಲ್ಲ.

ಸಲೀಂ ಅಲಿಯವರಿಗೂ ಈ ವಿದ್ಯೆ ಫಲಿಸಲು ಮೂವತ್ತು ವರ್ಷ ಕಾಯಬೇಕಾಯಿತು. 1930ರಲ್ಲಿ ಅವರು ಮುಂಬಯಿಗೆ ಹಿಂದಿರುಗಿದಾಗ, ಹಣದ ಅಭಾವದಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ನಗರದಲ್ಲಿ ಸಂಸಾರ ತೂಗಿಸುವುದು ಕಷ್ಟವಾಗಲು ದಂಪತಿಗಳು ಬಂದರಿನಾಚೆಯ ಕಡಲತೀರದ ಕಿಹೀಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಉದ್ಯೋಗವಿಲ್ಲದ ಆ ಮಳೆಗಾಲದಲ್ಲಿ ಮನೆಯ ಸಮೀಪದಲ್ಲಿ ಗೀಜಗ ಹಕ್ಕಿಗಳು ಗೂಡು ಹೆಣೆಯುತ್ತಿದ್ದವು. ನೂರಾರು ವರ್ಷಗಳಿಂದ ಜನರು ಗೀಜಗನ ಗೂಡನ್ನು ಮೆಚ್ಚಿದ್ದರೇ ಹೊರತು ಅದರ ಸಂಸಾರವನ್ನು ಗಮನಿಸಿರಲಿಲ್ಲ. ಗಂಡು ಹಕ್ಕಿ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ಣಗೊಳಿಸುತ್ತದೆ. ಅದು ಮೊಟ್ಟೆಯಿಟ್ಟು ಕುಳಿತೊಡನೆ ಮತ್ತೊಂದು ಗೂಡನ್ನು ಆರಂಭಿಸಿ ಮತ್ತೊಬ್ಬಳನ್ನು ಕರೆಯುತ್ತದೆ. ಸಲೀಂ ಅಲಿಯವರು ದಿನಗಟ್ಟಲೆ ಕುಳಿತು ನೋಡಿ ಬರೆದ ಈ ವಿವರ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಅವರಿಗೆ ವಿದ್ವತ್‌ಪ್ರಪಂಚದಲ್ಲಿ ಹೆಸರು ತಂದಿತು.

ತರುವಾಯ ಅವರು ದೇಶೀಯ ಸಂಸ್ಥಾನಗಳಿಗೊಂದು ವಿನಂತಿ ಮಾಡಿಕೊಂಡರು. ತಮಗೆ ಸಂಬಳ ಬೇಡ. ಪ್ರಯಾಣದ ಮತ್ತು ಶಿಬಿರದ ಖರ್ಚನ್ನು ವಹಿಸಿಕೊಂಡರೆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಮಾಡಿಕೊಡುವೆವೆಂಬುದು ಅದರ ಸಾರ. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮೊದಲಾದ ಸಂಸ್ಥಾನಗಳು ಒಪ್ಪಿದವು. ಎತ್ತಿನ ಬಂಡಿಯಲ್ಲಿ ಡೇರೆಗಳನ್ನು ಹೇರಿಕೊಂಡು ಕಾಡಿನಿಂದ ಕಾಡಿಗೆ ಸಾಗುತ್ತಿದ್ದ ಈ ಸಂಚಾರಗಳಲ್ಲಿ ತೆಹಮೀನಾ ಅವರೂ ಜೊತೆಗಿರುತ್ತಿದ್ದರು. ಸುಖವಾಗಿ ಬೆಳೆದ ಆ ಮಹಿಳೆ ಸಂಬಳವಿಲ್ಲದ ಪತಿಯೊಡನೆ ಡೇರೆಯ ಬಾಳನ್ನು ಬಾಳಿದ್ದೇ ಆ ಸಮೀಕ್ಷೆಗಳಿಗೆ ದೊರೆತ ದೊಡ್ಡ ದಾನವೆನ್ನಬೇಕು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಮರುಮದುವೆಯಾಗದೆ, ತಂಗುವುದಕ್ಕೆ ಅಕ್ಕ ಕಮೂ ಅವರ ಮನೆಯನ್ನು ಆಶ್ರಯಿಸಿ, ಉಳಿದ ಕಾಲವನ್ನೆಲ್ಲ ಕಾಡಿಗೆ ಕೊಟ್ಟರು.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಈ ಶೋಕದ ದಿನಗಳಲ್ಲಿ, 1939-40ರಲ್ಲಿ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ಚಮಚಕೊಕ್ಕುಗಳು ಕಿಕ್ಕಿರಿದು ಗೂಡು ಕಟ್ಟುವುದನ್ನು ಕಂಡು, ಆ ಸ್ಥಳವನ್ನು ರಕ್ಷಿಸುವಂತೆ ಸಂಸ್ಥಾನಕ್ಕೆ ಅವರು ಮಾಡಿದ ಸೂಚನೆಯ ಫಲವೇ 1940ರಲ್ಲಿ ಏರ್ಪಟ್ಟ ರಂಗನತಿಟ್ಟು ಪಕ್ಷಿಧಾಮ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಈ ಹೆಸರನ್ನು ಒಮ್ಮೆ ನೆನೆಯುವುದು ಉಚಿತ. 1941ರಲ್ಲಿ ಸಾಮಾನ್ಯ ಓದುಗರಿಗಾಗಿ ಭಾರತದ ಪಕ್ಷಿಗಳನ್ನು ಕುರಿತ ಅವರ ಸಚಿತ್ರ ಪುಸ್ತಕ ಹೊರಬಂದು, ಆವೃತ್ತಿಯ ಮೇಲೆ ಆವೃತ್ತಿಯನ್ನು ಕಂಡಿತು.

ಕಛ್ ಪ್ರಾಂತದಲ್ಲಿ ಅವರು ಕೈಗೊಂಡ ಸಂಚಾರವು ವಲಸೆಯ ಪ್ರಶ್ನೆಯನ್ನು ಮತ್ತೆ ಕೆದಕಿತು. ಅಲ್ಲಿಯ ಮಹಾರಾವ್ ಅವರ ನೆರವಿನಿಂದ ಸಮೀಕ್ಷೆ ನಡೆಸಿ, 1945ರಲ್ಲಿ ಮಹಾ ರಣದ ಕೆಸರಿನ ನಡುವೆ ಲಕ್ಷಾಂತರ ರಾಜಹಂಸಗಳು ಗೂಡು ಮಾಡುವ ಸ್ಥಳವನ್ನು ಅವರು ಕಂಡು ಬರೆದುದು ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿ, ಆಗಸ್ಟ್ ಕೊನೆಯಿಂದ ಆ ಒಣನೆಲ ಮತ್ತು ಕರಾವಳಿಯ ಮೂಲಕ ಹಾದುಹೋಗುವ ಹಕ್ಕಿಗಳದು. ಐರೋಪ್ಯ ನೀಲಕಂಠ, ನೀಲಿಗೆನ್ನೆಯ ಜೇನುಹಿಡುಕ, ಕಳಿಂಗ ಹಕ್ಕಿ, ಚುಕ್ಕೆಯ ನೊಣಹಿಡುಕ ಮುಂತಾದವು ಮಧ್ಯ ಏಷ್ಯಾದಿಂದ ಬಂದು ಕೆಲವು ವಾರ ಕಾಣಿಸಿಕೊಂಡು, ದಕ್ಷಿಣಕ್ಕೆ ತಿರುಗದೆ, ಅರಬ್ಬೀ ಸಮುದ್ರದ ಅಂಚನ್ನು ಹಿಡಿದು ಆಫ್ರಿಕಕ್ಕೆ ಹೋಗುತ್ತವೆ. ಹಿಂದಿರುಗುವಾಗ ಬಹುಪಾಲು ಬೇರೆ ದಾರಿ. ಸೆಪ್ಟೆಂಬರಿನಲ್ಲಿ ಅಲ್ಲಿ ಇರದವನಿಗೆ ಇಂಥ ಹಕ್ಕಿಗಳು ಭಾರತಕ್ಕೆ ಬರುವುದೇ ತಿಳಿಯುವುದಿಲ್ಲ. ಶರತ್ಕಾಲದ ಕಡಲತೀರವನ್ನು ಬಿಟ್ಟು ಭಾರತದ ಪಕ್ಷಿಗಳ ಲೆಕ್ಕ ಮುಗಿಯದೆಂಬುದು ಅವರಿಗೆ ಅಲ್ಲಿ ಖಚಿತವಾಯಿತು. ಆದರೆ ಬಲೆ, ಉಂಗುರ, ಜನ, ಡೇರೆ, ಇವೆಲ್ಲಕ್ಕೂ ಹಣ ಬೇಕು. ಸೊಸೈಟಿಯು 1927ರಿಂದಲೇ ಬಾತುಕೋಳಿಗಳಿಗೆ ಅಲ್ಪಸ್ವಲ್ಪ ಉಂಗುರ ತೊಡಿಸುತ್ತ ಬಂದಿದ್ದರೂ ಅದು ಧಾರ್ ಮುಂತಾದ ಸಂಸ್ಥಾನಗಳ ಔದಾರ್ಯವಿದ್ದಷ್ಟು ಕಾಲ ನಡೆಯುವ ಕೆಲಸ. ಸ್ವಾತಂತ್ರ್ಯಾನಂತರ ಸಂಸ್ಥಾನಗಳೂ ಇಲ್ಲವಾದವು.

ಇಂತಹ ಸಮಯದಲ್ಲಿ, 1957ನೆಯ ಇಸವಿಯ ಬೇಸಗೆಯಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಅದರ ಬೆನ್ನಿಗೇ ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಿ ಬಂದವರು ಉರಿಜ್ವರದಿಂದ ಹಾಸಿಗೆ ಹಿಡಿದರು. ಮೂಗು ವಸಡುಗಳಲ್ಲಿ ರಕ್ತ ಸ್ರವಿಸಿ ಕೆಲವರು ಅಸುನೀಗಿದರು. ಜನರು ಇದನ್ನು ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಕಾಡಿನ ಉಣುಗುಗಳ ಮೂಲಕ ಹರಡುವ ಹೊಸ ವೈರಸ್ಸನ್ನು ಪತ್ತೆ ಹಚ್ಚಿ, ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟರು. ಆದರೆ ಪರೀಕ್ಷೆಯಲ್ಲಿ ಅದು ಸೈಬೀರಿಯ ಮತ್ತು ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ವೈರಸ್‌ಗಳ ಹತ್ತಿರದ ಬಂಧುವೆಂದು ಕಂಡುಬಂದಿತು. ಎಲ್ಲಿಯ ಸೈಬೀರಿಯ, ಎಲ್ಲಿಯ ಸೊರಬ? ಇವೆರಡರ ನಡುವೆ ವರ್ಷವರ್ಷವೂ ಹೋಗಿ ಬರುವ ಜೀವಿ ಒಂದೇ: ವಲಸೆಯ ಹಕ್ಕಿ. ಸಂದೇಹ ಅದರ ಮೇಲೆ ಬಿದ್ದಿತು.

ಈ ಸಂದೇಹವನ್ನು ಪರೀಕ್ಷಿಸಬೇಕಾದರೆ ಯಾವ ಹಕ್ಕಿ ಎಲ್ಲಿಂದ ಯಾವ ದಾರಿಯಲ್ಲಿ ಬರುವುದು, ಮೈಮೇಲೆ ಏನನ್ನು ಹೊತ್ತು ತರುವುದು ಎಂಬುದು ತಿಳಿಯಬೇಕು. ಅದನ್ನು ಹೇಳಬಲ್ಲವರು ದೇಶದಲ್ಲಿ ಬಹುಮಂದಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಧನಸಹಾಯದಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪಕ್ಷಿವಲಸೆ ಯೋಜನೆ ಆರಂಭವಾಯಿತು. ಹೆಲಿಗೋಲ್ಯಾಂಡಿನ ಬಂಡೆಯ ಮೇಲೆ ಕಲಿತ ವಿದ್ಯೆಗೆ ಮೂರು ದಶಕಗಳ ನಂತರ ಕೆಲಸ ಬಂದಿತು. ಅದು ಬಂದದ್ದು ಮಲೆನಾಡಿನ ಬಡ ಸಂಸಾರಗಳ ಸಾವಿನ ದಾರಿಯಾಗಿ ಎಂಬುದನ್ನು ಮರೆಯುವಂತಿಲ್ಲ.

ಭರತಪುರದ ಕೆರೆಗಳು, ಕಛ್ ಪ್ರಾಂತ, ಕೋಡಿಕ್ಕರೈ ಮೊದಲಾದೆಡೆ ಶಿಬಿರಗಳು ನಡೆದವು. ಬಲೆಗಾರರಾಗಿ ಬಂದವರು ಬಿಹಾರದ ಮೀರ್‌ಶಿಕಾರಿಗಳು. ಹಕ್ಕಿ ಹಿಡಿದು ಮಾರುವುದೇ ಅವರ ಕುಲವೃತ್ತಿ. ಶಾಲೆಯ ಮೆಟ್ಟಿಲನ್ನೂ ಹತ್ತದ ಆ ಜನರಿಗೆ ಯಾವ ಹಕ್ಕಿ ಯಾವ ಹೊತ್ತಿನಲ್ಲಿ ಯಾವ ಬದಿಗೆ ನಡೆಯುವುದೆಂಬುದು ಕರತಲಾಮಲಕವಾಗಿತ್ತು. ತೆರೆದ ಜೌಗಿನಲ್ಲಿ, ವಿದ್ವಾಂಸರ ವಿದೇಶೀ ಬಲೆ ಸೋತ ಕಡೆ, ಅವರ ಬಿದಿರು ಕಡ್ಡಿಗಳ ಉಪಾಯ ಗೆಲ್ಲುತ್ತಿತ್ತು. ಪದವಿಯಿಲ್ಲವೆಂದು ಒಮ್ಮೆ ತಾವೇ ತಿರಸ್ಕೃತರಾಗಿದ್ದ ಸಲೀಂ ಅಲಿಯವರು ಈ ಜನರ ಕೌಶಲವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಶಿಬಿರದಲ್ಲಿ ಶಿಸ್ತು ಕಠಿನವಾಗಿತ್ತು. ಬೆಳಗಿನ ಜಾವ ಬಲೆಗಳನ್ನು ಬಿಚ್ಚಬೇಕು. ಬಿಸಿಲೇರುವ ಮುನ್ನ ಸುತ್ತಬೇಕು. ಬಲೆಯಲ್ಲಿ ಬಿದ್ದ ಹಕ್ಕಿ ಹೆಚ್ಚು ಹೊತ್ತು ತೂಗಾಡಬಾರದು. ನೀರುಹಕ್ಕಿಗಳನ್ನು ಹಿಡಿಯುವುದು ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ, ಮೊಣಕಾಲುದ್ದದ ಉಪ್ಪುಕೆಸರಿನಲ್ಲಿ. ಜಾತಿ, ಲಿಂಗ, ವಯಸ್ಸು, ತೂಕ, ಗರಿ ಉದುರಿದ ಸ್ಥಿತಿ, ಇಷ್ಟನ್ನೂ ಪುಸ್ತಕಕ್ಕೇರಿಸಿ, ಕಿವಿಯ ಸುತ್ತಲೂ ಕೊಕ್ಕಿನ ಬುಡದಲ್ಲಿಯೂ ಅಂಟಿಕೊಂಡ ಉಣುಗಿನ ಮರಿಗಳನ್ನು ಚಿಮಟದಿಂದ ತೆಗೆದು ಸೀಸೆಗೆ ಹಾಕಿ, ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕಿರು ಸ್ಟಿಂಟ್ ಹಕ್ಕಿಯ ತೂಕ ಇಪ್ಪತ್ತು ಇಪ್ಪತ್ತೈದು ಗ್ರಾಂ ಮಾತ್ರ. ಕರ್ಲ್ಯೂ ಸ್ಯಾಂಡ್‌ಪೈಪರ್ ಮರಿ ಮಾಡುವ ಸೈಬೀರಿಯದ ತೈಮೀರ್ ಪ್ರದೇಶಕ್ಕೂ ಕೋಡಿಕ್ಕರೈಗೂ ಏಳು ಸಾವಿರ ಕಿಲೋಮೀಟರುಗಳಿಗೂ ಮಿಗಿಲಾದ ಅಂತರ. ಉಂಗುರದ ಮೇಲೆ ಒಂದು ಸಂಖ್ಯೆ, ಮುಂಬಯಿಯ ಸೊಸೈಟಿಗೆ ತಿಳಿಸಬೇಕೆಂಬ ಒಂದು ಕೋರಿಕೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಸೋವಿಯತ್ ನಾಡಿನ ಯಾವುದೋ ಸರೋವರದ ಬೇಟೆಗಾರನ ಕೈಗೆ ಬಾತುಕೋಳಿಯೊಂದು ಸಿಕ್ಕಿ, ಅದರ ಕಾಲಿನ ಉಂಗುರದ ಸುದ್ದಿ ಅಂಚೆಯಲ್ಲಿ ಮುಂಬಯಿಗೆ ಬರುತ್ತಿತ್ತು. ಮಾಸ್ಕೋದ ಉಂಗುರ ತೊಟ್ಟ ಹಕ್ಕಿಗಳೂ ಇಲ್ಲಿ ದೊರೆಯುತ್ತಿದ್ದವು. ಎರಡು ದೇಶಗಳ ನಡುವೆ ಕಂಡ ಬಿಂದುಗಳನ್ನು ಗೆರೆಯಿಂದ ಕೂಡಿಸಿದಂತೆ ದಾರಿಗಳು ಒಂದೊಂದಾಗಿ ಭೂಪಟದ ಮೇಲೆ ಮೂಡತೊಡಗಿದವು. ಕೆಲವೇ ವರ್ಷಗಳಲ್ಲಿ ಉಂಗುರ ತೊಟ್ಟ ಹಕ್ಕಿಗಳ ಸಂಖ್ಯೆ ಲಕ್ಷವನ್ನು ಮೀರಿತು. ಕೋಡಿಕ್ಕರೈನ ಮಹತ್ವವನ್ನು ಕುರಿತು ಅವರು ಸಾರಿದ್ದು ವ್ಯರ್ಥವಾಗಲಿಲ್ಲ; 1967ರಲ್ಲಿ ಅದು ಅಭಯಾರಣ್ಯವಾಯಿತು.

ಮಂಗನ ಕಾಯಿಲೆಯ ಪ್ರಶ್ನೆಗೆ ಉತ್ತರವೇನು ಬಂತು? ಹಕ್ಕಿಗಳ ಮೈಮೇಲೆ ಉಣುಗುಗಳಿದ್ದುದು ನಿಜ. ಆದರೆ ಅವು ಸೈಬೀರಿಯದಿಂದ ಈ ವೈರಸ್ಸನ್ನು ಹೊತ್ತು ತಂದು ಕ್ಯಾಸನೂರಿನಲ್ಲಿ ಇಳಿಸಿದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ವೈರಸ್ಸು ಪಶ್ಚಿಮ ಘಟ್ಟದ ಕಾಡಿನಲ್ಲಿ ಇಲಿ ಹೆಗ್ಗಣಗಳು ಮತ್ತು ಉಣುಗುಗಳ ನಡುವೆ ಮೊದಲಿನಿಂದಲೂ ಇದ್ದಿರಬೇಕು, ಕಾಡು ಕಡಿದು ಗದ್ದೆ ತೋಟ ಮಾಡಿದಂತೆಲ್ಲ, ದನಗಳು ಕಾಡಂಚಿನಲ್ಲಿ ಮೇದಂತೆಲ್ಲ ಮನುಷ್ಯನು ಅದಕ್ಕೆ ಸಮೀಪನಾದನು ಎಂಬ ಅಭಿಪ್ರಾಯವೇ ವಿಜ್ಞಾನಿಗಳಲ್ಲಿ ಬಲವಾಯಿತು. ಹಕ್ಕಿಯ ಮೇಲಿದ್ದ ಆರೋಪದ ಭಾರ ಬಹುಮಟ್ಟಿಗೆ ಮನುಷ್ಯನ ಕೊಡಲಿಯ ಕಡೆಗೆ ವಾಲಿತು. ಪೂರ್ತಿ ವಾಲಿತೆಂದು ಹೇಳುವುದೂ ಸಾಧುವಲ್ಲ. 1990ರ ದಶಕದಲ್ಲಿ ಇದರ ಅತಿ ಸಮೀಪದ ವೈರಸ್ಸೊಂದು ಸೌದಿ ಅರೇಬಿಯದಲ್ಲಿ ಕಾಣಿಸಿಕೊಂಡಾಗ, ಇಷ್ಟು ದೂರವನ್ನು ಅದು ಹೇಗೆ ಕ್ರಮಿಸಿತೆಂಬ ಪ್ರಶ್ನೆ ಎದ್ದು, ಕೆಲವು ವಿದ್ವಾಂಸರು ಮತ್ತೆ ಹಕ್ಕಿಗಳತ್ತ ನೋಡಿದರು.

ಹಕ್ಕಿಗಳ ಮೇಲಿನ ಸಂದೇಹ ತಿಳಿಯಾಗುತ್ತಿದ್ದ ಕಾಲಕ್ಕೆ ಸಂದೇಹ ಸಲೀಂ ಅಲಿಯವರ ಮೇಲೆಯೇ ತಿರುಗಿದ್ದು ಅವರ ಜೀವನದ ಕಹಿಯಾದ ಅಧ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಾಲದೆ ಹೋದಾಗ, ಏಷ್ಯಾದ ಹಲವು ದೇಶಗಳಲ್ಲಿ ವಲಸೆ ಹಕ್ಕಿಗಳ ರೋಗಗಳನ್ನು ಅಭ್ಯಸಿಸುತ್ತಿದ್ದ ಸಂಸ್ಥೆಯೊಂದರ ಸಹಕಾರವನ್ನು ಯೋಜನೆಯು ಪಡೆದಿತ್ತು. ಬ್ಯಾಂಕಾಕಿನಿಂದ ನಡೆಯುತ್ತಿದ್ದ ಆ ಕಾರ್ಯಕ್ಕೆ ಹಣ ಒದಗಿಸುತ್ತಿದ್ದುದು ಅಮೆರಿಕದ ಸೇನೆ. 1974ರಲ್ಲಿ ಇದು ಪತ್ರಿಕೆಗಳಿಗೆ ಬಂದು, ರೋಗಾಣುಗಳನ್ನು ಯುದ್ಧದ ಆಯುಧವಾಗಿ ಹರಡಲು ಹಕ್ಕಿಗಳ ದಾರಿಯನ್ನು ತಿಳಿಯುವ ಹುನ್ನಾರಕ್ಕೆ ಭಾರತದ ವಿಜ್ಞಾನಿಗಳು ಅರಿತೋ ಅರಿಯದೆಯೋ ನೆರವಾದರೆಂಬ ಆರೋಪ ಎದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ವಿಷಯವನ್ನು ಪರಿಶೀಲಿಸಿ 1975ರಲ್ಲಿ ಇಂಥ ವಿದೇಶೀ ಸಹಕಾರಗಳನ್ನು ಕಟುವಾಗಿ ಟೀಕಿಸಿತು.

ಸ್ವತಂತ್ರ ದೇಶವೊಂದು ಪರಸೈನ್ಯದ ಹಣದ ಉದ್ದೇಶವನ್ನು ಪ್ರಶ್ನಿಸಿದ್ದು ತಪ್ಪಲ್ಲ, ಪ್ರಶ್ನಿಸದಿದ್ದರೆ ತಪ್ಪಾಗುತ್ತಿತ್ತು. ಹಣ ಎಲ್ಲಿಂದ ಬಂತೆಂಬುದರ ಬಗೆಗೆ ಪಕ್ಷಿಪ್ರೇಮಿಗಳು ಇನ್ನಷ್ಟು ಎಚ್ಚರದಿಂದ ಇರಬಹುದಾಗಿತ್ತೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಎಪ್ಪತ್ತೆಂಟು ವರ್ಷದ ಹಿರಿಯರನ್ನು ಜೈವಿಕ ಯುದ್ಧದ ಕೈಗೊಂಬೆಯೆಂದು ಬಣ್ಣಿ‌ಸಿದ್ದು ನ್ಯಾಯವೆಂದು ಹೇಳಲಾಗದು. ಅವರು ಈ ಆರೋಪವನ್ನು ನಿರಾಧಾರವೆಂದು ತಳ್ಳಿಹಾಕಿದರು. ಅದರ ನೋವನ್ನು ಮಾತ್ರ ಮರೆಯಲಿಲ್ಲ. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿಯೂ ಈ ಸಂಗತಿಯನ್ನು ಪ್ರಸ್ತಾಪಿಸಿದರು. ವಲಸೆ ಯೋಜನೆ ಅಷ್ಟರಲ್ಲಿ ನಿಂತುಹೋಗಿತ್ತು.

ಈ ನಡುವೆಯೇ ಅವರು ಅಮೆರಿಕದ ಪಕ್ಷಿವಿಜ್ಞಾನಿ ಡಿಲ್ಲನ್ ರಿಪ್ಲೆಯವರೊಡಗೂಡಿ ಭಾರತ ಉಪಖಂಡದ ಸಮಸ್ತ ಪಕ್ಷಿಗಳನ್ನು ಕುರಿತ ಹತ್ತು ಸಂಪುಟಗಳ ಕೈಪಿಡಿಯನ್ನು 1968ರಿಂದ 1974ರವರೆಗಿನ ಅವಧಿಯಲ್ಲಿ ಪೂರೈಸಿದರು. ಅದರಲ್ಲಿ ಪ್ರತಿಯೊಂದು ವಲಸೆ ಹಕ್ಕಿಯ ವಿವರದ ಹಿಂದೆ ಶಿಬಿರಗಳ ಲೆಕ್ಕದ ಪುಸ್ತಕಗಳ ನೆರಳಿದೆ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಅದೇ ವರ್ಷ ವನ್ಯಜೀವಿ ಸಂರಕ್ಷಣೆಗಾಗಿ ಬಂದ ಪಾಲ್ ಗೆಟ್ಟಿ ಪ್ರಶಸ್ತಿಯ ಐವತ್ತು ಸಾವಿರ ಡಾಲರುಗಳನ್ನು ಸೊಸೈಟಿಗೇ ಅರ್ಪಿಸಿದರು. ಜೀವನದ ಬಹುಕಾಲ ಸಂಬಳವಿಲ್ಲದೆ ದುಡಿದವರು, ಮುಪ್ಪಿನಲ್ಲಿ ಕೈಗೆ ಬಂದ ದೊಡ್ಡ ಮೊತ್ತವನ್ನು, ಹಳದಿ ಕೊರಳಿನ ಗುಬ್ಬಿಯೊಂದಿಗೆ ತಾವು ಹುಡುಗನಾಗಿ ಹೋಗಿ ನಿಂತಿದ್ದ ಸಂಸ್ಥೆಗೆ ಹಿಂದಿರುಗಿಸಿದ್ದು ಹೀಗೆ. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಅವರ ಸ್ವಭಾವವನ್ನು ಕುರಿತು ಒಂದೆರಡು ಮಾತು. ಮಿತವ್ಯಯಿ, ಸಮಯಪಾಲಕ, ಮುಂಗೋಪಿ. ಅಚ್ಚುಕಟ್ಟಿಲ್ಲದ ಕೆಲಸವನ್ನು ಸಹಿಸರು. ಮೋಟಾರ್ ಸೈಕಲ್ಲಿನ ಹುಚ್ಚು ಮಾತ್ರ ಮಿತವಾಗಿರಲಿಲ್ಲ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಅಂತರರಾಷ್ಟ್ರೀಯ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ವಾಹನವನ್ನು ಹಡಗಿನಲ್ಲಿ ಸಾಗಿಸಿ, ಯೂರೋಪಿನ ರಸ್ತೆಗಳಲ್ಲಿ ಬಿದ್ದು ಎದ್ದು ಸವಾರಿ ಮಾಡಿಕೊಂಡೇ ಹೋದರು. ಆಗ ಅವರಿಗೆ ಐವತ್ತಮೂರು ವರ್ಷ.

1980ರ ದಶಕದಲ್ಲಿ ಹೊಸ ಧನಸಹಾಯದೊಂದಿಗೆ ವಲಸೆಯ ಅಧ್ಯಯನ ಮತ್ತೆ ಆರಂಭವಾಗಿ, ಕೋಡಿಕ್ಕರೈನ ಕಾಡಂಚಿನಲ್ಲಿ ಬಲೆಗಳು ಪುನಃ ಎದ್ದವು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ವೃದ್ಧರಿಗೆ ಲಭಿಸಿತು. 1987ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಡಾ. ಸಲೀಂ ಅಲಿಯವರು ನಿಧನರಾದರು. ಮಂಗನ ಕಾಯಿಲೆ ಅವರಿಗಿಂತ ಹೆಚ್ಚು ಕಾಲ ಬಾಳಿತು; ಸೊರಬ ಸಾಗರಗಳನ್ನು ದಾಟಿ ಬೇರೆ ಜಿಲ್ಲೆಗಳಿಗೂ ನೆರೆಯ ರಾಜ್ಯಗಳಿಗೂ ಹಬ್ಬಿತು. ಕೋಡಿಕ್ಕರೈಯಲ್ಲಿ ಅವರ ಶಿಷ್ಯರೂ, ಶಿಷ್ಯರ ಶಿಷ್ಯರೂ ಆ ಮೇಲಿನ ದಶಕಗಳಲ್ಲಿ ಹಿಂಗಾರಿನ ಮೊದಲ ಮೋಡ ಕಾಣುವ ಹೊತ್ತಿಗೆ ಜೌಗಿಗಿಳಿದು, ಮುಂಬಯಿಯ ವಿಳಾಸವುಳ್ಳ ಉಂಗುರಗಳನ್ನು ಹಕ್ಕಿಗಳ ಕಾಲಿಗೆ ತೊಡಿಸುತ್ತ ಬಂದರು.